ಸೇತುವೆಯ ಮೇಲಿನ ನೀಲಿ

ಏಪ್ರಿಲ್ ೨೦

...‘ಈ ಸಲದ್ದು ನೀನೇ ನೇಯಿ’ ಅಂದಳೋ, ‘ನೀನೇ ನೇಯಬೇಕು’ ಅಂದಳೋ ಅಕ್ಕ. ನೆನಪಿಲ್ಲ. ಆಗ ನೂಲಿನ ಲಡಿ ಹಿಂಡುತ್ತಿದ್ದೆ, ತಲೆ ಎತ್ತಲಿಲ್ಲ.

ಬೆಳಿಗ್ಗೆ ನೀಲಿ ಬಣ್ಣದ ತೊಟ್ಟಿ ಕಲಕಿದೆ. ಆಮೇಲೆ ಮಿತ್ಸುಯೊ ಅಕ್ಕ ಕಟ್ಟಿದ ಕೊನೆಯ ನೂಲು ಹಿಡಿದು ಮಗ್ಗಕ್ಕೆ ಕೂತೆ. ಅವಳು ತೀರಿಕೊಂಡು ಇವತ್ತಿಗೆ ಹತ್ತೊಂಬತ್ತು ದಿನ. ನಲವತ್ತೊಂಬತ್ತನೇ ದಿನದ ಕರ್ಮಕ್ಕೆ ಬರುವವರಿಗೆಲ್ಲ ಅವಳ ಬಟ್ಟೆಯದೇ ಸಂಚಿ ಕೊಡಬೇಕೆಂದು ನನ್ನ ಹೆಂಡತಿ ಫುಸಾಕೊಳ ಹಟ. ನಲವತ್ತು ಸಂಚಿ. ಹೊಲಿಯುವವಳೂ ಅವಳೇ. ಈಗ ಇದನ್ನು ಉಡುವವರಿಲ್ಲ. ಕುರುಮೆ ಪೇಟೆಯ ಅಂಗಡಿಯವರು ಕೇಳುವುದೂ ಸಂಚಿ, ಕನ್ನಡಕದ ಚೀಲ, ಅಷ್ಟೇ.

ಏಪ್ರಿಲ್ ೨೩

ಅಕ್ಕ ಬರೆದಿದ್ದ ಚಿತ್ರದ ಹಾಳೆ ಸಿಗಲಿಲ್ಲ. ಶಾಯಿಯಲ್ಲಿ ಗುರುತು ಹಾಕಿದ ಮಾದರಿ ನೂಲೂ ಇಲ್ಲ. ಆ ಒಂದು ಎಳೆ ನೋಡಿಯೇ ಅವಳು ಉಳಿದದ್ದನ್ನೆಲ್ಲ ಕಟ್ಟುತ್ತಿದ್ದದ್ದು — ತೊಟ್ಟಿಗೆ ಅದ್ದಿದಾಗ ಕಟ್ಟಿದ ಕಡೆ ಬಿಳಿ ಉಳಿಯುತ್ತದೆ, ಬಿಟ್ಟ ಕಡೆ ನೀಲಿ. ಫುಸಾಕೊಳನ್ನು ಕೇಳಿದೆ.

“ಶವಪೆಟ್ಟಿಗೆಯಲ್ಲಿ ಅವರ ಕೈ ಹತ್ತಿರ ಎರಡನ್ನೂ ಇಟ್ಟೆನಲ್ಲ. ನೀವೂ ಅಲ್ಲೇ ನಿಂತಿದ್ರಿ.”

ಅಕ್ಕನ ಜೊತೆ ಸುಟ್ಟುಹೋಗಿದೆ. ಇನ್ನು ನೇಯ್ದೇ ತಿಳಿಯಬೇಕು.

ಮೇ ೩

ಸೇತುವೆ. ಗೇಣುದ್ದ ಬಂದಮೇಲೆ ಗೊತ್ತಾಯಿತು. ಅವಳು ಎಂದಿನಂತೆ ಕಟ್ಟುವ ಆಮೆಯಲ್ಲ, ಕೊಕ್ಕರೆಯಲ್ಲ. ಸೇತುವೆಯ ಮೇಲೆ ಒಬ್ಬಳು, ಕೈ ಚಾಚಿದ್ದಾಳೆ. ಕೈಯಾಚೆ ಬರೀ ನೀಲಿ.

ಪಕ್ಕದ ಮನೆಯ ಇನೊಕುಚಿ ಅಜ್ಜಿ ಬಂದಿದ್ದಳು. ಎಪ್ಪತ್ತು ವರ್ಷ ಮಗ್ಗದಲ್ಲಿ ಕೂತವಳು. ಬಗ್ಗಿ ನೋಡಿ, “ಹುಚ್ಚು ಹುಡುಗಿ, ಗಾಳಿಗೆ ಕೈ ಕೊಡ್ತಾಳೆ” ಅಂದಳು. ಅರವತ್ತೆಂಟರ ಅಕ್ಕ ಅಜ್ಜಿಗೆ ಹುಡುಗಿ.

ಮೇ ೪

ಗಾಳಿಯಲ್ಲ. ಅಲ್ಲಿ ಏನೋ ಇತ್ತು.

ಜನವರಿ. ಅವಳು ಕಟ್ಟಿಕೊಟ್ಟ ನೂಲನ್ನು ತೊಟ್ಟಿಗೆ ಅದ್ದುವ ಮೊದಲು ನೋಡಿದೆ. ಒಂದು ಕಡೆ ಕಟ್ಟುಗಳು ಒತ್ತೊತ್ತಾಗಿ, ಕ್ರಮವಿಲ್ಲದ ಹಾಗೆ. ಆಗಲೇ ಕೈ ನಡುಗುತ್ತಿತ್ತು ಅವಳಿಗೆ, ತಪ್ಪಿದ್ದಾಳೆ ಅಂದುಕೊಂಡೆ. ಕೇಳಿದರೆ ನೊಂದುಕೊಳ್ಳುತ್ತಾಳೆಂದು ಹನ್ನೊಂದು ಕಟ್ಟು ಕತ್ತರಿಸಿ ಅದ್ದಿದೆ. ಉಪಕಾರ ಅಂತಲೇ ತಿಳಿದೆ.

ನಲವತ್ತೆರಡು ಎಳೆ ಒಟ್ಟು ಸೇರಿಸಿ ಕಟ್ಟಿದ ನೂಲು. ಹಾಗಾಗಿ ಒಂದೇ ಚಿತ್ರ ಬಟ್ಟೆಯ ಥಾನಿನುದ್ದಕ್ಕೂ ನಲವತ್ತೆರಡು ಸಲ ಬರುತ್ತದೆ. ನನ್ನ ಕತ್ತರಿ ಮಾಡಿದ ಖಾಲಿಯೂ.

ಬಣ್ಣವಾದ ಮೇಲೆ ಕಟ್ಟು ಬಿಚ್ಚಿದವಳು ಅವಳೇ. ಬಿಚ್ಚುತ್ತ ಒಮ್ಮೆ ನಿಲ್ಲಿಸಿದಳು. ನನ್ನ ಕಡೆ ನೋಡಿ ಚಹಾ ಕೇಳಿದಳು...

ಮೇ ೧೩

ಮಗ್ಗದಿಂದ ಥಾನು ಇಳಿಸಿದೆ. ಕತ್ತರಿಯ ವಿಷಯ ಹೇಳಲೆಂದೇ ಒಳಗೆ ಹೋದೆ. ಫುಸಾಕೊ ಆಗಲೇ ಅಳತೆ ಗುರುತು ಹಾಕಿ ಕೂತಿದ್ದಳು — ಒಂದೊಂದು ಸಂಚಿಗೂ ಒಂದೊಂದು ಸೇತುವೆ, ಸರಿಯಾಗಿ ನಡುವೆ. ಎಷ್ಟು ಚೆನ್ನಾಗಿದೆ ಅಲ್ವಾ ಅಂದಳು. ಹೌದು ಅಂದೆ.

ಮೇ ೨೦

ನಲವತ್ತೊಂಬತ್ತು ಮುಗಿಯಿತು. ಮಂತ್ರ, ಧೂಪ, ಊಟ. ಎಲ್ಲರ ಕೈಗೂ ಸಂಚಿ. ಮಂತ್ರ ಹೇಳಿದ ಗುರುಗಳು ತಿರುಗಿಸಿ ನೋಡಿ, ಲೋಕ ಬಿಟ್ಟು ಹೋಗುವವಳು ಕೈಯಾಚೆಯ ಜಾಗವನ್ನು ತಿಳಿದೇ ಖಾಲಿ ಬಿಟ್ಟಿದ್ದಾಳೆ ಅಂದರು. ಹೆಂಗಸರು ಕಣ್ಣೊರೆಸಿಕೊಂಡರು. ಫುಸಾಕೊ ಕೂಡ. ನಾನು ಬಾಗಿ ವಂದಿಸುತ್ತ ಹೋದೆ.

ಕೊನೆಗೆ ಹೊರಟವಳು ಇನೊಕುಚಿ ಅಜ್ಜಿ. ಬಾಗಿಲಲ್ಲಿ ಸಂಚಿಯನ್ನು ಬೆಳಕಿಗೆ ಹಿಡಿದು, ಆ ನೀಲಿಯ ಮೇಲೆ ಹೆಬ್ಬೆರಳು ಆಡಿಸಿದಳು. ಮೆಲ್ಲಗೆ ಅಂದಳು: “ಕಟ್ಟಿದ ಕಡೆ ನೂಲು ನಲುಗಿರತ್ತೆ. ಇದು ಬಿಟ್ಟ ನೀಲಿ ಅಲ್ಲ ಕಣಪ್ಪ. ಬಿಚ್ಚಿದ ನೀಲಿ.”

ಅಂಗಿಯ ತೋಳಿನೊಳಗೆ ಸಂಚಿ ಇಟ್ಟುಕೊಂಡು ಹೋದಳು.

ಮೇ ೨೧

ಉಳಿದ ಒಂದು ಸಂಚಿಯನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದೇನೆ. ಚಾಚಿದ ಕೈ ಸ್ವಲ್ಪ ಕೆಳಮುಖ. ಹಾಗಾದರೆ ಎದುರಿಗಿದ್ದದ್ದು ಯಾರೋ ಗಿಡ್ಡವರು. ನನಗೆ ನಾಲ್ಕಿದ್ದಾಗ ಅವಳಿಗೆ ಹದಿನೆಂಟು. ಮರದ ಸೇತುವೆ ದಾಟಲು ಹೆದರಿ ಅಳುತ್ತಿದ್ದೆನಂತೆ. ಅಥವಾ ಅದು ನಾನೇ ಅಲ್ಲ. ನಮಗೆ ಯಾರಿಗೂ ಹೇಳದೆ ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಇನ್ಯಾರೋ. ಹನ್ನೊಂದು ಕಟ್ಟಿನಷ್ಟು ಸಣ್ಣವರು.

ಅಕ್ಕಾ, ಅಲ್ಲಿ ಯಾರನ್ನು ನಿಲ್ಲಿಸಿದ್ದೆ?