ಸ್ವಪ್ನಾಳ ಲ್ಯಾಪ್‌ಟಾಪ್ ಕೆಳಗಿನ ಕಂಬಳಿ

ಫೆಬ್ರವರಿ 12, 2008

ಇವತ್ತೂ ಅಷ್ಟೇ. ಎಂಟು ನಿಮಿಷ — ಠಪ್. ಪರದೆ ಕಪ್ಪು.

ತಂಗಿ ಸ್ವಪ್ನ ಹೋಗಿ ನಲವತ್ತು ದಿನ. ಮೂರೇ ದಿನದ ಜ್ವರ. ಡಿಸೆಂಬರಿನಲ್ಲಿ ಅವ್ವನ ದೇವರ ಪದವನ್ನು ತನ್ನ ಈ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದಳು. ಹನ್ನೆರಡು ನಿಮಿಷ. ಕೊನೆಯಲ್ಲಿ ಸ್ವಪ್ನಾಳ ದನಿ ಇರಬೇಕು. ಬೇರೆಲ್ಲೂ ಇಲ್ಲ.

"ಪದ ಮುಗಿಸಿ ಮೇಕೆ ಹೊಡ್ಕೊಂಡು ಎದ್ದೋದೆ ಕಣಪ್ಪ. ಹಿಂದಿಂದ ಏನೋ ಅಂದ್ಲು. ಬಂದ್ಮೇಲೆ ಕೇಳಿದ್ರಾಯ್ತು ಅಂದ್ಕೊಂಡೆ," ಅಂತಾಳೆ ಅವ್ವ.

ಮುಂದಕ್ಕೆ ಓಡಿಸಿ ಕೇಳಿಸುತ್ತೇನೆ ಅಂದೆ. ಬಿಡಲಿಲ್ಲ. ದೇವರ ಪದ ನಡುವೆ ಹಾರಿಸಬಾರದಂತೆ. ಸಾಯಲಿ ಆ ದೇವರು ಅನ್ನಬೇಕೆನಿಸಿತು.

ಫೆ. 13

ಬ್ಯಾಟರಿ ತೆಗೆದು ನೇರ ಕರೆಂಟಿಗೆ ಹಾಕಿದೆ. ಏಳು ನಿಮಿಷ. ಬ್ಯಾಟರಿಯ ತಪ್ಪಲ್ಲ. ಚಾರ್ಜರ್ ಬದಲಿಸಿದೆ. ಅದೂ ಅಲ್ಲ. ಮಿಲ್ ಆಫೀಸಿನ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವ ನನಗೆ ಇದೊಂದು ಬಗ್ಗುತ್ತಿಲ್ಲ.

"ಅವ್ಳಿಗೆ ನನ್ ಮ್ಯಾಲೆ ಸಿಟ್ಟೈತೆ. ಅದ್ಕೇ ಮಾತಾಡೋ ಹೊತ್ತಿಗೆ ಮುಚ್ಕೊಂತಾಳೆ," ಅಂದಳು ಅವ್ವ. ಉಣ್ಣಲಿಲ್ಲ.

ಫೆ. 18, ಮಧ್ಯಾಹ್ನ

ಚಳ್ಳಕೆರೆಯಲ್ಲಿ ಮಲ್ಲಿಕ್‌ನ ರಿಪೇರಿ ಅಂಗಡಿಗೆ ಒಯ್ದೆ. ಪರೀಕ್ಷೆಗೆ ಬೇರೆ ಹಾಡು ಹಾಕಿಸಿದೆ — ಅವಳ ದನಿಯನ್ನು ಅವ್ವನಿಗಿಂತ ಮೊದಲು ನಾನು ಕೇಳಬಾರದು. ತಳ ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಬಿಚ್ಚಿದ.

"ಲೇ ಗೋವರ್ಧನ, ಇದನ್ನ ಎಲ್ಲಿಟ್ಟು ಓಡುಸ್ತೀರೋ? ಫ್ಯಾನ್ ತುಂಬಾ ಉಣ್ಣೆ ಐತಲ್ಲೋ!"

ಕಪ್ಪು ಉಣ್ಣೆ. ನಮ್ಮ ಕಂಬಳಿಯದು. ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಸುಟ್ಟುಹೋಗಬಾರದೆಂದು ತಾನೇ ಆಫ್ ಆಗುತ್ತಿತ್ತಂತೆ. ಎಲ್ಲಾ ಕಿತ್ತು ತೆಗೆದು ಕೊಟ್ಟ.

ದೇವರ ಪದ ಇರುವ ಪೆಟ್ಟಿಗೆ ಬರಿ ನೆಲದ ಮೇಲೆ ಇಡಬಾರದೆಂದು ಅವ್ವ ಕಂಬಳಿ ಗದ್ದಿಗೆ ಹಾಸಿದ್ದಳು. ನಾನೂ ದಿನಾ ಅದರ ಮೇಲೇ ಇಟ್ಟೆ. ಓದಿದವನು. ಥೂ.

ಮೊಳಕಾಲ್ಮೂರು ಬಸ್ಸಿನಲ್ಲಿ ವಾಪಸ್, ತೊಡೆ ಮೇಲೆ ಲ್ಯಾಪ್‌ಟಾಪ್. ಅವ್ವನಿಗೆ ಹೇಗೆ ಹೇಳಲಿ...

ಫೆ. 23

ಐದು ದಿನ ಮಿಲ್ ಕೆಲಸದ ನೆಪ ಹೇಳಿ ಪದ ಹಾಕಲಿಲ್ಲ. ಇವತ್ತು ಹೇಳಿದೆ — "ಅವ್ಳಿಗೆ ಸಿಟ್ಟಿಲ್ಲವ್ವಾ, ಕಂಬ್ಳಿ ಉಣ್ಣೆ ಸಿಕ್ಕಾಕ್ಕೊಂಡಿತ್ತು."

"ಹಂಗಾರೆ ನಾನೇ ಉಸಿರು ಕಟ್ಟಿಸಿದ್ನಾ?"

ಕಂಬಳಿ ಎಳೆದು ಮೂಲೆಗೆ ಎಸೆದಳು. ನಾನು ಮಣೆ ಇಟ್ಟು ಅದರ ಮೇಲೆ ಶುರು ಮಾಡಿದೆ.

ಎಂಟು ನಿಮಿಷ ದಾಟಿತು. ಹತ್ತು. ಅವ್ವ ನನ್ನ ಕೈ ಹಿಡಿದಳು. ಪದ ಮುಗಿಯಿತು. ಮೇಕೆ ಕೂಗು, ಬಾಗಿಲ ಸದ್ದು. ಆಮೇಲೆ ಸ್ವಪ್ನ —

"ಅವ್ವಾ, ಕಂಬ್ಳಿ ಬಿಟ್ಟೋಗ್ತಿದೀಯಲ್ಲಾ... ಹೊದ್ಕೊಂಡೋಗೇ, ಚಳಿ ಐತೆ."

ಅಷ್ಟೇ ಇದ್ದದ್ದು.

ಅವ್ವ ಅಳಲಿಲ್ಲ. ಎದ್ದು ಹೋಗಿ ಮೂಲೆಯ ಕಂಬಳಿ ಕೊಡವಿ ಹೊದ್ದಳು. ಈ ಬಿಸಿಲಲ್ಲಿ. ಬಂದು ಪರದೆಯ ಮುಂದೆ ಕೂತಳು. "ಹೊದ್ಕೊಂಡೆ ಕಣವ್ವಾ," ಅಂದಳು.

ಲ್ಯಾಪ್‌ಟಾಪ್ ಆಫ್ ಮಾಡಬೇಕು. ಅವ್ವ ಇನ್ನೂ ಅಲ್ಲೇ ಕೂತಿದ್ದಾಳೆ. ನನ್ನ ಕೈ ಬರುತ್ತಿಲ್ಲ.