ಐವತ್ತು ಡಿಗ್ರಿ ಎಂದು ಬರೆದದ್ದು

ಮಾರ್ಚ್ 3, ಸಂಜೆ 4.40

ಹನ್ನೆರಡು ಟ್ಯೂಬು ಲ್ಯಾಬಿನ ಫರ್ನೇಸಿನಲ್ಲಿ. ಏಳುನೂರು ಡಿಗ್ರಿ ಮುಗಿದು ತಣಿಯುತ್ತಿದೆ. ಒಳಗೆ ಗಾಳಿ ಸೇರದಂತೆ ಬಿಟ್ಟ ನೈಟ್ರೋಜನ್ ಸರಿಯಾಗಿದೆ. ಐವತ್ತಕ್ಕಿಳಿಯುವ ತನಕ ಮುಚ್ಚಳ ಮುಟ್ಟುವಂತಿಲ್ಲ, ಮುಟ್ಟಿದವನು ಮನೆಗೆ — ಸರ್ ಕಟ್ಟಪ್ಪಣೆ. ಈಗಿನ್ನೂ ಮುನ್ನೂರು. ಆರಕ್ಕೆ ಸಿನಿಮಾ. ಟಿಕೆಟ್ ಹಿಡಿದು ಹೆಂಡತಿ ಕಾಯುತ್ತಿರುತ್ತಾಳೆ. ಹೋದ ಸಲ ತಡ ಮಾಡಿದ್ದಕ್ಕೆ ವಾರವಿಡೀ ಮುಖ ಊದಿಸಿಕೊಂಡಿದ್ದಳು...

ಮುನ್ನೂರಕ್ಕೇ ಮುಚ್ಚಳ ತೆಗೆದೆ. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ‘50’ ಎಂದು ಬರೆದೆ.

ಮಾರ್ಚ್ 4

ಸಿನಿಮಾ ಬೋರು.

ಮಾರ್ಚ್ 9

ಅಯ್ಯೋ ದೇವರೇ. ಆ ಟ್ಯೂಬುಗಳ ಟೆಸ್ಟ್ ಆಯ್ತು. ಕಾರ್ಖಾನೆ ಗ್ಯಾಸಿನಿಂದ ಕಾರ್ಬನ್ ಡೈಆಕ್ಸೈಡ್ ಬೇರ್ಪಡಿಸೋ ಮೆಂಬ್ರೇನು ಇವು. ಮೊದಲಿಗಿಂತ ಎರಡರಷ್ಟು ಹರಿವು, ಶುದ್ಧತೆಯೂ ಕೆಟ್ಟಿಲ್ಲ. ಸರ್ ಕುಣಿಯೋದೊಂದು ಬಾಕಿ. ಬಿಸಿಯಲ್ಲಿ ಗಾಳಿ ನುಗ್ಗಿ ಕಾರ್ಬನ್ ಪದರದ ರಂಧ್ರಗಳು ಒಂಚೂರು ಅಗಲವಾಗಿರಬೇಕು. ಅಷ್ಟೇ.

ಹೇಳಲಿಲ್ಲ. ಚಪ್ಪಾಳೆಯೆಲ್ಲ ಲ್ಯಾಬಿನ ಅಕ್ಕನಿಗೆ. ಟ್ಯೂಬು ದ್ರಾವಣದಲ್ಲಿ ಅದ್ದಿ ಪದರ ಕೂರಿಸುವವರು ಅವರೇ. ಹನ್ನೊಂದು ವರ್ಷ, ಇನ್ನೂ ಕಾಂಟ್ರಾಕ್ಟು. ನಾಚಿಕೊಂಡು ಏಪ್ರನ್ನಿಗೆ ಕೈ ಒರೆಸುತ್ತಲೇ ಇದ್ದರು.

ಏಪ್ರಿಲ್ 21

ಆ ಎರಡರಷ್ಟನ್ನು ಮತ್ತೆ ತರಲು ಮಾಡಿದ ಏಳನೇ ಬ್ಯಾಚೂ ಹಳೆಯ ಅಂಕಿಯೇ. ಪುಸ್ತಕದಲ್ಲಿರುವಂತೆಯೇ ಮಾಡಿದ್ದೇವೆ. ಪುಸ್ತಕವೇ ಸುಳ್ಳು ತಾನೆ. ಸರ್ ಅಕ್ಕನ ಮೇಲೆ ಹರಿಹಾಯ್ದರು. “ಅವತ್ತು ಬಂದಿದ್ದು ಇವತ್ತು ಯಾಕಮ್ಮಾ ಬರಲ್ಲ? ಕೈ ನಿಲ್ತಿಲ್ಲ ನಿಮಗೆ.”

ನಾನು ಪಕ್ಕದಲ್ಲೇ. ಸಿಲಿಂಡರ್ ಮೀಟರ್ ನೋಡುತ್ತಾ ನಿಂತಿದ್ದೆ. ನೋಡುವಂಥದ್ದೇನೂ ಇರಲಿಲ್ಲ ಅದರಲ್ಲಿ. ಥೂ.

ಮೇ 6, ಊಟದ ಹೊತ್ತು

ಅಕ್ಕ ಡಬ್ಬಿ ತೆರೆಯದೆ ಕೂತಿದ್ದರು. ಎರಡೂ ಕೈ ಮೇಜಿನ ಮೇಲೆ ಚಾಚಿ.

“ನೋಡೋ, ನಡುಗ್ತಾ ಇದೆಯಾ?”

“ಇಲ್ಲ ಅಕ್ಕ.”

“ನಂಗೇ ಗೊತ್ತಾಗ್ದಂಗೆ ನಡುಗುತ್ತೋ ಏನೋ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನಿ.”

ಆಗಲೇ ಹೇಳಿಬಿಡಬಹುದಿತ್ತು. ಕೆಲಸ ಹೋದರೆ ಹೆಂಡತಿಗೆ ಏನು ಹೇಳಲಿ ಅಂತ ಲೆಕ್ಕ ಹಾಕುತ್ತಾ ಕೂತೆ. ಹೇಡಿ.

ಮೇ 29

ಅಕ್ಕನ ಕಾಂಟ್ರಾಕ್ಟು ಮುಂದುವರಿಸೋದಿಲ್ಲವಂತೆ. ನಾಡಿದ್ದೇ ಕೊನೆ.

ಮೇ 31, ಬೆಳಿಗ್ಗೆ

ಹೇಳಿದೆ. ಮುನ್ನೂರಕ್ಕೇ ತೆಗೆದೆ, ಸುಳ್ಳು ಬರೆದೆ, ಅಕ್ಕನ ತಪ್ಪೇ ಇಲ್ಲ — ಎಲ್ಲ. ಸರ್ ಎದ್ದು ಬಂದು ಬೆನ್ನು ತಟ್ಟಿದರು.

“ಅವರನ್ನ ಉಳಿಸೋಕೆ ನಿನ್ನ ತಲೆ ಕೊಡ್ತೀಯಾ? ಮುನ್ನೂರಕ್ಕೆ ತೆಗೆದಿದ್ರೆ ಪದರ ಸುಟ್ಟು ಹೋಗ್ತಿತ್ತು ಕಣಯ್ಯಾ. ನನಗೇ ಪಾಠಾನಾ? ಒಳ್ಳೇ ಮನಸ್ಸು ನಿಂದು, ಹೋಗು.”

ಹಠ ಹಿಡಿಯಬೇಕಿತ್ತು. ಎದುರಿಗೇ ಇನ್ನೊಂದು ಬ್ಯಾಚು ಮಾಡಿ ತೋರಿಸ್ತೀನಿ ಅನ್ನಬೇಕಿತ್ತು. ಬಂದುಬಿಟ್ಟೆ. ನಿಜ ಬರೆಯಲಾ? ಬೆನ್ನು ತಟ್ಟಿದಾಗ ಹೋದ ಜೀವ ಬಂದಂತಾಯ್ತು.

ಮೇ 31, ಸಂಜೆ 5

ಅಕ್ಕ ಚೀಲ ಹಿಡಿದು ನನ್ನ ಹತ್ತಿರವೇ ಬಂದರು. ಸರ್ ಹೇಳಿದ್ದಾರೆ.

“ನನಗೋಸ್ಕರ ಅಂಥಾ ಸುಳ್ಳು ಹೇಳಿದ್ಯಂತಲ್ಲೋ. ಒಡಹುಟ್ಟಿದೋರೂ ಹೀಗೆ ಮಾಡಲ್ಲ.”

ಅವರ ಕಣ್ಣು ತುಂಬಿತ್ತು. ಸುಳ್ಳಲ್ಲ ಅಕ್ಕ... ನಾಲಿಗೆ ತುದಿಯಲ್ಲೇ ಇತ್ತು.

“ಅಯ್ಯೋ, ಅದೇನು ಮಹಾ, ಬಿಡಿ ಅಕ್ಕ” ಎಂದೆ.

ಎಂದೆನಲ್ಲಾ.

ಗೇಟಿನ ತನಕ ಚೀಲ ನಾನೇ ಹೊತ್ತೆ. ದಾರಿಯುದ್ದಕ್ಕೂ ಅವರು ನನ್ನನ್ನ ಹರಸುತ್ತಾ —