ಸಂಜೆಗೆಂದು ತುಂಬಿಟ್ಟ ಬಿಸಿಲು

ಉಸ್ತಾದ್, ನಿಮ್ಮ ತಿಪ್ಪೇಶಿಯ ಸಲಾಂ.

ಚಳ್ಳಕೆರೆಯ ನಿಮ್ಮ ಬ್ಯಾಟರಿ ಅಂಗಡಿಯಲ್ಲಿ ಎದುರುಬದುರು ಕೂತು ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚುತ್ತಿದ್ದ ಹದಿನೈದು ವರ್ಷ ನೆನಪಾಗುತ್ತದೆ. ಚಾರ್ಜಿಗಿಟ್ಟ ಬ್ಯಾಟರಿಗೆ ಕಿವಿ ಹಚ್ಚಿ, ಗುಳುಗುಳು ಸದ್ದು ಸರಿಯಿದ್ದರೆ ತಲೆಯಾಡಿಸುತ್ತಿದ್ದಿರಿ. ಮೊಳಕಾಲ್ಮೂರಿನ ಆಚೆ ಸೋಲಾರ್ ಪ್ಲಾಂಟಿನಲ್ಲಿ ನನಗೆ ಕೆಲಸ ಸಿಕ್ಕಿತು ಎಂದಾಗ, "ಹೊತ್ತು ಮುಳುಗಿದ ಮ್ಯಾಲೆ ಏನ್ ಮಾಡ್ತಾರಲೇ ಅಲ್ಲಿ?" ಎಂದಿರಿ. "ಅದಕ್ಕೇ ಬ್ಯಾಟ್ರಿ ಇಡ್ತಾರೆ ಉಸ್ತಾದ್, ಒಂದೊಂದೂ ಲಾರಿಯಷ್ಟು ದೊಡ್ಡದೈತೆ" ಎಂದೆ. ನೀವು ನಂಬಲಿಲ್ಲ.

ಮೊದಲ ದಿನ ನಾನು ಮಾಡಿದ ಘನಕಾರ್ಯ ನಿಮಗೆ ಹೇಳಿಯೇ ಇಲ್ಲ. ಡಿಸ್ಟಿಲ್ಡ್ ವಾಟರ್ ಕ್ಯಾನ್ ಹೊತ್ತುಕೊಂಡು ಹೋಗಿದ್ದೆ. ನಿಮ್ಮ ಶಿಷ್ಯ ಇನ್ನೇನು ತಾನೇ ಒಯ್ಯುತ್ತಾನೆ? ನೀರು ಹಾಕುವ ಮುಚ್ಚಳ ಹುಡುಕುತ್ತ, ಬ್ಯಾಟರಿ ಜೋಡಿಸಿಟ್ಟ ಕಬ್ಬಿಣದ ಕಂಟೇನರಿಗೆ ಎರಡು ಸುತ್ತು ಬಂದೆ. ಅವು ಲಿಥಿಯಂ ಬ್ಯಾಟರಿ, ಮುಚ್ಚಳವೂ ಇಲ್ಲ, ನೀರೂ ಬೇಡ. "ಏನ್ರೀ, ಗಿಡಕ್ಕೆ ನೀರು ಹಾಕೋಕೆ ಬಂದ್ರಾ?" ಎಂದರು ಎಂಜಿನಿಯರ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಇಲ್ಲಿ ನನ್ನ ಹೆಸರು ನೀರಪ್ಪ.

ನಿಮ್ಮ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲು ಗೊತ್ತಲ್ಲ, ತಂತಿ ತಾಳುವುದಕ್ಕಿಂತ ಹೆಚ್ಚು ಕರೆಂಟು ಹುಟ್ಟುತ್ತದೆ. ಮೊದಲಾದರೆ ಒಂದಷ್ಟು ಪ್ಯಾನಲ್ ಬಂದ್ ಮಾಡಬೇಕಿತ್ತು. ಈಗ ಬ್ಯಾಟರಿ ತುಂಬಿಕೊಳ್ಳುತ್ತದೆ. ಹೊತ್ತು ಮುಳುಗಿ ಊರೂರಲ್ಲಿ ದೀಪ, ಟಿವಿ, ಮಿಕ್ಸಿ ಒಟ್ಟಿಗೇ ಶುರುವಾದಾಗ ವಾಪಸ್ ಕೊಡುತ್ತದೆ. ಕೊಡುವುದು ಕೆಲವೇ ಗಂಟೆ. ಆದರೆ ಅಷ್ಟು ಹೊತ್ತು ಎಲ್ಲೋ ಒಂದಿಷ್ಟು ಕಲ್ಲಿದ್ದಲು ಸುಡುವುದು ತಪ್ಪುತ್ತದಲ್ಲ? "ಪೂರ್ತಿ ಖಾಲಿ ಮಾಡಬ್ಯಾಡಲೇ, ಸಾಯ್ತದೆ" ಅನ್ನುತ್ತಿದ್ದಿರಿ. ಆ ಮಾತನ್ನು ಇಲ್ಲಿ ಕಂಪ್ಯೂಟರೇ ಪಾಲಿಸುತ್ತದೆ. ನಾನು ಪರದೆಯ ಅಂಕಿ ನೋಡುತ್ತ ಒಬ್ಬನೇ ಕೂರುತ್ತೇನೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ, ಬೈಯುವವರೂ ಇಲ್ಲ. ತುಂಬ ಒಂಟಿ ಅನ್ನಿಸುತ್ತದೆ ಉಸ್ತಾದ್.

ನೀವು ಇಲ್ಲಿಗೆ ಬಂದ ದಿನ... ಆಸಿಡ್‌ಗೆ ತೂತು ಬಿದ್ದ ಅದೇ ಅಂಗಿ, ಕೈಯಲ್ಲಿ ಆಸಿಡ್ ಅಳೆಯುವ ಗಾಜಿನ ಕೊಳವೆ. "ನಮ್ ತಿಪ್ಪೇಶಿ ಇಲ್ಲೇ ಕೆಲ್ಸ ಮಾಡ್ತಾನೆ, ಆ ದೊಡ್ಡ ಬ್ಯಾಟ್ರಿ ಒಂದ್ಸಲ ನೋಡ್ಬೇಕಿತ್ತು" ಎಂದು ಗೇಟಿನಲ್ಲಿ ಕೇಳಿದಿರಂತೆ. ರಜೆಯಲ್ಲಿದ್ದಾನೆ ಎಂದು ವಾಚ್‌ಮನ್ ಹೇಳಿದಾಗ, "ಇರ್ಲಿ ಬಿಡಪ್ಪ, ಉಸ್ತಾದ್ ಬಂದಿದ್ರು ಅನ್ನು, ಸಾಕು" ಎಂದಿರಂತೆ. ಅದೇ ತಿಂಗಳು ನೀವು ತೀರಿಕೊಂಡಿರಿ. ಖಬರಸ್ಥಾನದಲ್ಲಿ ಮೂರು ಹಿಡಿ ಮಣ್ಣು ಹಾಕುವಾಗಲೂ ಇದನ್ನು ಹೇಳಲು ಬಾಯಿ ಬರಲಿಲ್ಲ.

ವಾಚ್‌ಮನ್ ಫೋನ್ ಮಾಡಿದಾಗ, ರಜೆ ಅಂತ ಹೇಳಿಬಿಡು ಎಂದದ್ದು ನಾನೇ ಉಸ್ತಾದ್. ಎಂಜಿನಿಯರ್‌ಗಳು ಪಕ್ಕದಲ್ಲೇ ಇದ್ದರು. ನೀವು ಬಂದು ಬ್ಯಾಟರಿಯ ಮುಚ್ಚಳ ಹುಡುಕಿದರೆ, ಅವರು ನಿಮ್ಮನ್ನು ನೋಡಿ ನಕ್ಕರೆ... ಅಲ್ಲ, ಸುಳ್ಳು. ನನ್ನನ್ನು ನೋಡಿ ಇನ್ನೊಮ್ಮೆ ನಗುತ್ತಾರೆಂದು ಹೆದರಿದೆ. ಕಂಟೇನರಿನ ಹಿಂದೆ ನಿಂತಿದ್ದೆ, ನೀವು ಆ ಬಿಸಿಲಲ್ಲಿ ಕಾದು ಬಸ್ ಹತ್ತುವವರೆಗೂ.